ಉಂಟು

ಜೆಪ್ಪಿನಲ್ಲಿ, ಟೈಲರ್ ಅಂಗಡಿಯ ಮೇಲಿನ ಕೋಣೆ.
ಸಂಜೆ ಆರರಿಂದ ಏಳೂವರೆ, ತಿಂಗಳಿಗೆ ಮುನ್ನೂರು.
ಕೆಳಗೆ ಮಿಷನ್ ಓಡಿದರೆ ಕರಿಹಲಗೆ ನಡುಗುತ್ತದೆ,
ನಾನು ಬರೆಯುತ್ತಿರುವ 'ಈಸ್' ಗೆರೆ ಬಿಟ್ಟು ಕೆಳಗೆ ಜಾರುತ್ತದೆ.

ಮೊದಲ ವಾರವೇ ಸಿಕ್ಕಿಬಿದ್ದೆ.
'ಹ್ಯಾವ್' ಅಂದರೆ ಎಂತ ಟೀಚರ್?
ನನ್ನ ಹತ್ತಿರ ಉಂಟು.
'ಈಸ್'?
ಅದೂ ಉಂಟೇ.
'ದೇರ್ ಆರ್'?
ಉಂಟು.
'ಐ ನೋ' ಅಂದರೆ ಗೊತ್ತುಂಟು,
'ಐ ಹ್ಯಾವ್ ಟು ಗೋ' ಅಂದರೆ ಹೋಗಲಿಕ್ಕುಂಟು.
ನಮ್ಮಲ್ಲಿ ಇಡೀ ಒಂದು ನೋಟು ಇದ್ದದ್ದನ್ನು
ಇವರು ಯಾಕೆ ಇಷ್ಟು ಚಿಲ್ಲರೆ ಮಾಡಿದ್ದು?
ಕೇಳಿದ್ದು ಇದ್ದಿನಬ್ಬ, ಸಿಟಿ ಬಸ್ಸಿನ ಕಂಡಕ್ಟರ್.
ಚಿಲ್ಲರೆಯ ವಿಷಯದಲ್ಲಿ ಅವನೊಡನೆ ವಾದಿಸಲಿಕ್ಕಾಗುವುದಿಲ್ಲ.

ದಕ್ಕೆಯ ಗಿರಿಧರ ಪುತ್ರನ್ ಎದ್ದು ನಿಂತು
'ಐ ಗೋ ಟು ಸೀ' ಎಂದ.
'ದ ಸೀ' ಎಂದು ತಿದ್ದಿದೆ.
ಯಾವ ಸೀ ಅಂತ ಯಾರಿಗೆ ಸಂಶಯ, ಇರುವುದು ಒಂದೇ ಅಲ್ಲವಾ?
ಒಂದೇ ಇರುವುದಕ್ಕೇ 'ದ'.
ಸ್ವಲ್ಪ ಹೊತ್ತು ಯೋಚಿಸಿದ. ಹಾಗಾದರೆ ಹೆಂಡತಿಗೆ?
'ಮೈ' ಎಂದೆ. ಬೆಂಚುಗಳೆಲ್ಲ ನಕ್ಕವು.
ರಾತ್ರಿ ಡಿಕ್ಷನರಿ ತೆರೆದರೆ ಅದು ಬೇರೆಯೇ ಹೇಳುತ್ತದೆ:
ಕಡಲು ನೋಡಲಿಕ್ಕೆ ಹೋಗುವವರಿಗೆ 'ದ' ಬೇಕು,
ದುಡಿಯಲಿಕ್ಕೆ ಹೋಗುವವರಿಗೆ ಬೇಡ.
ಮರುದಿನ ತಪ್ಪೊಪ್ಪಿಕೊಳ್ಳೋಣವೆಂದರೆ
ಅವನ ಜಾಗ ಖಾಲಿ. ಬೋಟು ಹೊರಟಿತ್ತು.

ಐರಿನ್ ಬಾಯಿಯದು 'ಯೆಸ್ಟರ್‌ಡೇ ಓನ್ಲಿ ಐ ಕೇಮ್'.
ನಿನ್ನೆಯೇ ಬಂದದ್ದು ಎಂಬಲ್ಲಿಯ ಆ ಪುಟ್ಟ 'ಏ'ಯನ್ನು
ಹಿಂದೆ ಬಿಟ್ಟುಬರಲು ಮನಸ್ಸಾಗದೆ
ಸೊಂಟದ ಮೇಲೆ ಕೂರಿಸಿಕೊಂಡು ಇಂಗ್ಲಿಷಿಗೆ ತಂದದ್ದು.
ತಿದ್ದಲಿಲ್ಲ. ನಾನೂ ಹಾಗೇ ಹೇಳುತ್ತೇನೆ,
ಮನೆಯಲ್ಲಿ ಓನ್ಲಿ.

ಬಜಾಲಿನ ವಾರಿಜ ಕೊನೆಯ ಬೆಂಚು.
ಅವರಿಗೆ ಬೇಕಾದ್ದು ಒಂದೇ ವಾಕ್ಯ,
ಪಿ.ಎಫ್. ಕಚೇರಿಯ ಕಿಟಕಿಯಲ್ಲಿ ಹೇಳಲಿಕ್ಕೆ.
ಕಟ್ಟಿಕೊಟ್ಟೆ:
'ಐ ಹ್ಯಾವ್ ಬೀನ್ ರೋಲಿಂಗ್ ಬೀಡೀಸ್ ಸಿನ್ಸ್ ನೈಂಟೀನ್ ನೈಂಟಿ ವನ್.'
ಬಿಡಿಸಿಯೂ ತೋರಿಸಿದೆ. 'ಸಿನ್ಸ್' ಶುರುವಾದ ಜಾಗ,
'ಬೀನ್' ಆಗಿಹೋದದ್ದು, 'ಇಂಗ್' ಇನ್ನೂ ಮುಗಿಯದ್ದು.
'ಹ್ಯಾವ್'?
ಇಲ್ಲಿ ಅದಕ್ಕೆ ನನ್ನ ಹತ್ತಿರ ಉಂಟು ಎಂಬ ಅರ್ಥ ಇಲ್ಲ.
ಅದು ಗೊತ್ತುಂಟು, ಎಂದರು ವಾರಿಜ.

ಮೂರು ವಾರ ಬಾಯಿಪಾಠ.
ಹೇಳುವಾಗ ಬೆರಳು ತಾವಾಗಿಯೇ ಸುರುಟುತ್ತಿದ್ದವು,
'ನೈಂಟಿ ವನ್' ಬರುವಷ್ಟರಲ್ಲಿ ಉಗುರಿನಿಂದ ತುದಿ ಮಡಚಿ
ಇಲ್ಲದ ನೂಲು ಸುತ್ತುತ್ತಿದ್ದವು.

ಕಿಟಕಿಯಲ್ಲಿದ್ದವ ಕೇಳಿದ್ದು ತುಳುವಿನಲ್ಲಿ:
'ದಾದ ಆವೊಡು ಅಕ್ಕಾ?'
ಇವರು ಬಿಡಬೇಕಲ್ಲ! ಕಲಿತ ವಾಕ್ಯ ಪೂರ್ತಿ ಹೇಳಿಯೇ ಹೇಳಿದರು,
'ಸಿನ್ಸ್' ಸಮೇತ, ಸಾಲು ಇಡೀ ತಿರುಗಿ ನೋಡುವ ಹಾಗೆ.
ಅವನೂ ಒಂದು ಇಂಗ್ಲಿಷ್ ಕಾಗದ ಕೊಟ್ಟ.

'ಯುವರ್ ಕ್ಲೇಮ್ ಈಸ್ ಬೀಯಿಂಗ್ ಪ್ರೊಸೆಸ್ಡ್.'
ಇದರಲ್ಲಿ ಮಾಡುವವರು ಯಾರು ಟೀಚರ್?
ಹುಡುಕಿದೆ.
'ಯುವರ್' ಉಂಟು, 'ಈಸ್' ಉಂಟು, 'ಇಂಗ್' ಕೂಡ ಉಂಟು.
ಮಾಡುವವರು ಇಲ್ಲ.
ಆ ಪಾಠ ಮಾತಾಡಲಿಕ್ಕೆ ಬೇಕಾಗುವುದಿಲ್ಲವೆಂದು
ನಾನೇ ಹಾರಿಸಿದ್ದೆ.
ಹಾಗೂ ಬರೆಯಬಹುದು, ಎಂದೆ. ಹೆಸರು ಹೇಳಬೇಕಾಗಿಲ್ಲ.
ನನ್ನದರಲ್ಲಿ ಮೊದಲಿಗೇ 'ಐ' ಉಂಟಲ್ಲ?
ಉಂಟು.

ಕೊನೆಯ ಟ್ರಿಪ್ಪಿಗೆ ಇದ್ದಿನಬ್ಬ ಎದ್ದು ಹೋದ.
ವಾರಿಜ ಕಾಗದ ಮಡಚದೆ ಬೆಂಚಿನ ಮೇಲಿಟ್ಟರು.
ಇನ್ನೊಂದು ವಾಕ್ಯ ಕೊಡಿ. ಜನ ಇರುವಂಥದ್ದು.
ಬರೆದೆ: 'ಹೂ ಈಸ್ ಪ್ರೊಸೆಸಿಂಗ್ ಇಟ್?'
ಕೆಳಗೆ ಮಿಷನ್ ಶುರುವಾಗಿ ಪ್ರಶ್ನೆಚಿಹ್ನೆ ಸೊಟ್ಟಗಾಯಿತು.
ಅವರು ಹೇಳಿ ನೋಡಿದರು, ಎರಡು ಸಲ,
ಮೊದಲು ನನಗೆ, ಮತ್ತೆ ಕಿಟಕಿಗೆ.
ಬೆರಳು ಅಲ್ಲಾಡಲಿಲ್ಲ.