ಮಾಣಕಿಯ ಮಸಿ

ಪರವಾನಗಿ ಕಾರ್ಡಿಗೆ ಹೊಸ ಫೋಟೋ ಬೇಕು ಅಂದರು ನಗರಸಭೆಯವರು.
ಸೊಸೆ ಸುಲಕ್ಷಣಾ ಕಾಣಕೋಣಕ್ಕೆ ಹೋದವಳು
ಒಂದು ಪೆಟ್ಟಿಗೆ ತಂದಳು. ‘ನ್ಯಾಚುರಲ್ ಬ್ಲ್ಯಾಕ್’ ಅಂತೆ.
ಅಷ್ಟು ನ್ಯಾಚುರಲ್ ಕಪ್ಪು ನನಗೆ
ಹದಿನಾರರಲ್ಲೂ ಇರಲಿಲ್ಲ.

ಮರುದಿನ ಬುಟ್ಟಿ ಇಳಿಸಿ ಕೂತೆ.
ಕಾಜುಬಾಗದ ಮಾಸ್ತರರು, ಇಪ್ಪತ್ತು ವರ್ಷದ ಗಿರಾಕಿ,
ಇಸೋಣದ ಕಿವಿರು ಎತ್ತಿ ನೋಡುತ್ತ ಕೇಳಿದರು:
“ನಿನ್ನ ಅವ್ವ ಇವತ್ತು ಬರಲಿಲ್ಲವೇನೆ?”
ಆಮೇಲೆ ಚೌಕಾಸಿ.
ಬಿಳಿ ತುರುಬಿನ ಮುಂದೆ ಒಂದು ದಿನ ತುಟಿ ಬಿಚ್ಚದವರು
ಕರಿ ತುರುಬಿಗೆ ಎಂಬತ್ತು ರೂಪಾಯಿ ಇಳಿಸಿದರು.
ಪಕ್ಕದ ಪ್ರೇಮಾವತಿ ನಕ್ಕು ನಕ್ಕು
ಐಸಿನ ಪೆಟ್ಟಿಗೆಗೆ ಒರಗಿದಳು.

ತೆಗೆಯಬೇಕು ಇದನ್ನು.
ತಲೆಹೊಟ್ಟಿನ ಶಾಂಪೂ, ಅದಕ್ಕಿಷ್ಟು ಸೋಡಾ ಹುಡಿ,
ಹತ್ತು ನಿಮಿಷ ಬಿಟ್ಟು ಬಿಸಿನೀರು
ಅಂದಳು ಔಷಧಿ ಅಂಗಡಿಯ ಹುಡುಗಿ.
ವಿಟಮಿನ್ ಸಿ ಅರೆದು ಹಚ್ಚಿ ಅತ್ತೆ, ಅಂದಳು ತಪ್ಪಿತಸ್ಥೆ.
ಮಸಾಲೆಯ ಕಲ್ಲಿನಲ್ಲೇ ಅರೆದೆ
ಕಿತ್ತಳೆ ಬಣ್ಣದ ಇಪ್ಪತ್ತು ಗುಳಿಗೆ.
ಅಂದಿನ ಸಾರಿಗೆ ಬೇರೆ ಹುಳಿ ಬೇಕಾಗಲಿಲ್ಲ.
ರಾತ್ರಿ ಬಿಸಿ ಎಣ್ಣೆ, ಹಳೆ ಟವೆಲ್ಲು,
ದಿಂಬಿನ ಮೇಲೆ ಬೆಳಿಗ್ಗೆ ಯಾರದೋ ನೆರಳು.

ಬಚ್ಚಲಿಗೆ ಹರಿದ ನೀರು ಮೊದಲು ಕಪ್ಪು,
ಆಮೇಲೆ ಚಹಾ, ಆಮೇಲೆ ಬರೀ ನೀರು.
ಮಾಣಕಿಯ ಹೊಟ್ಟೆಯ ಮಸಿಚೀಲ
ಒಡೆಯದ ಹಾಗೆ ಎರಡೇ ಬೆರಳಲ್ಲಿ ಎಳೆದು ತೆಗೆವ ಕೈ ಇದು.
ನಲವತ್ತು ವರ್ಷ, ಗಿರಾಕಿಯ ಸೀರೆಗೆ ಒಂದು ಹನಿ ಹಾರಿಲ್ಲ.
ನನ್ನದೇ ತಲೆಯಲ್ಲಿ
ಆ ಚೀಲ ಎಲ್ಲಿದೆಯೋ
ಸಿಗಲಿಲ್ಲ.

ನಾಲ್ಕು ತೊಳೆತಕ್ಕೆ ಬಂದದ್ದು ಬಿಳಿಯೂ ಅಲ್ಲ,
ಬಿಸಿಲಿಗೆ ಹಾಕಿ ಮರೆತ ಒಣಸಿಗಡಿಯ ಬಣ್ಣ.
ಕಿವಿಯ ಹಿಂದೆ ಇನ್ನೂ ಕಾಗೆ.
ಬಾಚಣಿಗೆಗೆ ಸಿಕ್ಕಿದ್ದು ಕೂದಲೋ ತೆಂಗಿನ ನಾರೋ.
“ಇನ್ನು ಉಜ್ಜಿದರೆ ಬುಡವೇ ಬರತ್ತೆ, ಸಾಕು” ಅಂದಳು ಸುಲಕ್ಷಣಾ,
ಅರ್ಧ ಅಳುತ್ತ, ಅರ್ಧ ನಗುತ್ತ.
ಬಿಟ್ಟೆ.

ಕಾರ್ಡು ಬಂತು. ಅದರೊಳಗಿನ ಹೆಂಗಸಿಗೆ
ಐದು ವರ್ಷ ಏನೂ ಆಗುವುದಿಲ್ಲ.

ಈಗ ಬೈತಲೆಯಲ್ಲಿ ಒಂದು ಅಕ್ಕಿಕಾಳಿನಷ್ಟಗಲ
ಬಿಳಿ ಎದ್ದಿದೆ, ಯಾವ ಹುಡಿಯೂ ಇಲ್ಲದೆ,
ಕೋಡಿಬಾಗದಲ್ಲಿ ಇಳಿತದ ಹೊತ್ತಿಗೆ
ಮರಳ ದಿಬ್ಬ ಬೆನ್ನು ತೋರಿಸುವ ಹಾಗೆ.
ಮಾಸ್ತರರು ನಿನ್ನೆ ಬುಟ್ಟಿಗೆ ಬಾಗಿದವರು
ಅದನ್ನೇ ನೋಡಿದರು.
“ಅವ್ವ ಹೇಗಿದ್ದಾಳೆ?”
“ಬರ್ತಾ ಇದ್ದಾಳೆ,” ಅಂದೆ, “ದಿನಕ್ಕಿಷ್ಟು.”
ಚಿಲ್ಲರೆ ವಾಪಸು ಕೇಳಲಿಲ್ಲ.