ಷಷ್ಠಿ ವಿಭಕ್ತಿ

ಬೈಕಂಪಾಡಿಯ ಗುಜರಿಯಲ್ಲಿ, ತುರ್ಕಿಯಿಂದ ಹಡಗೇರಿ ಬಂದ
ಹಿತ್ತಾಳೆ ನಲ್ಲಿ, ಬೀಗ, ಕೊಳವೆಗಳ ನಡುವೆ
ಇದಿನಬ್ಬನಿಗೆ ಸಿಕ್ಕಿದ್ದು.
"ಮಾಷ್ಟ್ರೇ, ಕರಗಿಸಿದರೆ ನಾಲ್ಕು ರೂಪಾಯಿ.
ನೋಡಿ, ಯಾವ ಊರಿನದು."

ಕಂಚು. ಎಂಟು ಗ್ರಾಂ ಚಿಲ್ಲರೆ.
ಬಿಂಬುಳಿ ಹಾಕಿ ತಿಕ್ಕಿ ಕೊಡಲೇ ಎಂದಳು ಜುಲಿಯಾನಾ.
ಬೇಡ ಮಾರಾಯ್ತಿ,
ಈ ಹಸಿರು ಹೋದರೆ ಅಕ್ಷರವೂ ಹೋಗುತ್ತದೆ.

ಮುಂದೆ ಯಾರೋ ಚಕ್ರವರ್ತಿ. ಮೂಗಿಲ್ಲ, ಗಡ್ಡ ಇದೆ.
ಅವನು ಎಲ್ಲ ಊರಲ್ಲೂ ಇದ್ದವನು, ಉಪಯೋಗವಿಲ್ಲ.
ತಿರುಗಿಸಿದರೆ ಒರಗಿ ಮಲಗಿದ ನದಿದೇವರು,
ಕೈಯಲ್ಲಿ ಜೊಂಡು, ಮೊಣಕೈ ಕೆಳಗೆ ಮಗುಚಿದ ಕೊಡ.
ನಮಗೆ ನದಿ ಹೆಣ್ಣು; ಅವರಿಗೆ ಗಡ್ಡದ ಗಂಡಸು.
ಇರಲಿ. ನದಿ ಇದ್ದ ಊರು.
ನದಿ ಇಲ್ಲದೆ ಊರು ಎಲ್ಲಿ?
ಕೂಳೂರು ಸೇತುವೆಯ ಕೆಳಗೂ ಒಬ್ಬ ಒರಗಿರಬಹುದು.

ಟಾರ್ಚು ಓರೆ ಹಿಡಿದೆ. ನಟ್ಟನಡುವೆ ಸಣ್ಣ ಗುಳಿ,
ಬಿಲ್ಲೆ ಕಡೆದ ಮೊನೆಯ ಗುರುತು;
ಹಲವು ಟಂಕಸಾಲೆಗಳ ಅಭ್ಯಾಸ, ಸಾಕ್ಷಿಗೆ ಸಾಲದು.
ಅಂಚಿಗೆ ತೆಳುಕಾಗದ ಇಟ್ಟು ಪೆನ್ಸಿಲ್ ಉಜ್ಜಿದೆ.
ಮೊದಲಿನವು ಸವೆದಿವೆ.
ಉಳಿದದ್ದು ಮೂರು: ಎ, ಓ, ನ್.

ಮೂರು ರಾತ್ರಿ ಆ ಮೂರಕ್ಕೆ ಊರು ಹುಡುಕಿದೆ,
ಮೂವತ್ತು ವರ್ಷ ವ್ಯಾಕರಣ ಕಲಿಸಿದವನು.
ಅದು ಹೆಸರಲ್ಲ, ಹೆಸರಿನ ಬಾಲ.
ಗ್ರೀಕರ ಷಷ್ಠಿ, ಬಹುವಚನ:
'...ದವರ.'

"ಯಾವ ಊರು?" ಇದಿನಬ್ಬ ಕೇಳಿದ.
"ಊರು ಸಿಗಲಿಲ್ಲ. ಊರಿನವರದ್ದು, ಅಷ್ಟು ಗೊತ್ತು."
ಅವನು ನಗಲಿಲ್ಲ.
ತಕ್ಕಡಿ ಬದಿಗೆ ಸರಿಸಿ
ಹೆಬ್ಬೆರಳಿಂದ ಆ ಅಂಚನ್ನೇ ಸವರಿದ,
ಅದನ್ನು ಸವೆಸಿದವರ ಹಾಗೆ.