ದುಭಾಷಿ ಕೊಟ್ಟ ಮಾತು

ಲಾನ್ಸೆಸ್ಟನ್ನಿನ ಜುಲೈ. ಸಂಜೆ ಐದಕ್ಕೇ ಕತ್ತಲು.
ಟೇಮರ್ ನದಿಯ ಮೇಲೆ ಮಂಜು
ಆರಿದ ಹಾಲಿನ ಕೆನೆಯ ಹಾಗೆ ಕಟ್ಟಿಕೊಂಡಿತ್ತು.
ವೃದ್ಧಾಶ್ರಮದ ಪಾಳಿ ಮುಗಿಸಿ ಗ್ಲೌಸು ಬಿಚ್ಚುವಾಗ ಫೋನು:
"ನಿಮಗೆ ಕನ್ನಡ ಬರುತ್ತದಂತೆ, ನಿಜವೆ?"
ಬರುತ್ತದೆ, ಅಂದೆ.
ಹನ್ನೊಂದು ವರ್ಷವಾಗಿತ್ತು ಯಾರಾದರೂ ಅದನ್ನು ಕೇಳಿ.

ಮರದ ಮನೆ. ಒಲೆಯಲ್ಲಿ ಕೊರಡು ಚಟಗುಡುತ್ತಿತ್ತು.
ಮೋರಾಗ್, ಶಾಲೆಯ ಲೈಬ್ರರಿಯವಳು; ಡೆಸ್ಮಂಡ್, ಬಡಗಿ.
ಇಬ್ಬರೂ ಸೋಫಾದ ಅಂಚಿನಲ್ಲಿ
ಫಲಿತಾಂಶಕ್ಕೆ ಕಾದ ಮಕ್ಕಳ ಹಾಗೆ.
ಐದು ವರ್ಷದ ಕಾಗದಪತ್ರ, ಎರಡು ಸರ್ಕಾರ, ಮೂರು ವಿಮಾನ
ದಾಟಿ ಬಂದ ಮಗು ಮೇಜಿನ ಕೆಳಗೆ,
ಹೊಸ ಬೂಟಿನಲ್ಲಿ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.

ನಾನೂ ಮೇಜಿನ ಕೆಳಗೆ ತೂರಿದೆ.
ನನ್ನದು ಕೊಳ್ಳೇಗಾಲದ ಕನ್ನಡ, ಅವಳದು ಕೊಪ್ಪಳದ್ದು.
"ಹೆಸರೇನವ್ವಾ?" ಅಂದೆ, ಅವಳ ಸೀಮೆಗೆ ನಾಲಿಗೆ ಹೊರಳಿಸಿ.
ತುಂಬ ಹೊತ್ತು ನನ್ನ ತುಟಿಯನ್ನೇ ನೋಡಿದಳು,
ಅಲ್ಲಿಂದ ಇನ್ನೇನಾದರೂ ಬಿದ್ದೀತೆಂದು.
"ಹುಲಿಗೆವ್ವ."

ದುಭಾಷಿಗೆ ನಿಯಮ ಒಂದೇ, ಫೋನಿನಲ್ಲೇ ಓದಿ ಹೇಳಿದ್ದರು:
ಕೂಡಿಸಬೇಡ, ಕಳೆಯಬೇಡ.
ಹಸಿವೆಯೆ? ನಾಯಿಗೆ ಹೆದರುತ್ತಾಳೆಯೆ? ರಾತ್ರಿ ದೀಪ ಬೇಕೆ?
ಅಪ್ಪನ ಮಗ್ಗದ ಲಾಳಿಯ ಹಾಗೆ
ಮೇಜಿನ ಕೆಳಗಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ
ಓಡಾಡಿದೆ. ಎಳೆ ಕಡಿಯಲಿಲ್ಲ.
ಆಮೇಲೆ ಅವಳು ಕೇಳಿದಳು:
"ಅಕ್ಕಾ, ಇವ್ರು ನನ್ನ ಎಷ್ಟ್ ದಿನಾ ಇಟ್ಕೋತಾರ?
ಆಮ್ಯಾಲ ಎಲ್ಲಿ ಕಳಸ್ತಾರ?"

"ಏನಂದಳು?" ಮೋರಾಗ್ ಬಗ್ಗಿದಳು.
"ಈ ಚಳಿ ಎಷ್ಟು ದಿನ ಅಂತ ಕೇಳುತ್ತಿದ್ದಾಳೆ," ಅಂದುಬಿಟ್ಟೆ.
ಡೆಸ್ಮಂಡ್ ನಕ್ಕ, ಹಗುರಾಗಿ:
"ಸೆಪ್ಟೆಂಬರ್ ಕಳೆಯಲಿ, ಹೋಗುತ್ತೆ ಅನ್ನಿ."
ನಾನು ಅವಳ ಕಡೆ ತಿರುಗಿ
"ಯಾವಾಗಲೂ. ಎಲ್ಲಿಗೂ ಕಳಸಂಗಿಲ್ಲ," ಅಂದೆ.
ಆಡಿದ್ದು ಅವರಲ್ಲ. ಮಾತು ಕೊಟ್ಟವಳು ನಾನು.

ಹೊರಡುವಾಗ ಅವನು ಹೆಸರಿನ ಅರ್ಥ ಕೇಳಿದ.
ದೇವಿಯ ಹೆಸರು, ಒಳಗೊಂದು ಹುಲಿ ಇದೆ, ಅಂದೆ.
ಕಾರಿನ ನಂಬರ್ ಪ್ಲೇಟಿಗೆ ಟಾರ್ಚು ಹಿಡಿದು ತೋರಿಸಿದ:
ಬೆನ್ನಿಗೆ ಪಟ್ಟೆ, ಉದ್ದ ಮೂತಿ. ಈ ದ್ವೀಪದ ಹುಲಿಯಂತೆ.
ಕೊನೆಯದು ಹೊಬಾರ್ಟಿನ ಬೋನಿನಲ್ಲಿ ಎಂದೋ ಸತ್ತು
ಈಗ ತಗಡಿನ ಮೇಲೆ ಮಾತ್ರ.
ಹುಲಿಗೆವ್ವ ಕೂತು ನೋಡಿದಳು.
"ಇದು ಹುಲಿ ಅಲ್ಲ, ನಾಯಿ!"
ನಕ್ಕಳು.
ಅದನ್ನು ಮಾತ್ರ ಅಕ್ಷರ ಬಿಡದೆ ದಾಟಿಸಿದೆ.

ಕರೆಯದಿದ್ದರೂ ಶನಿವಾರ ಶನಿವಾರ ಹೋದೆ,
ಸಾಲಕ್ಕೆ ಜಾಮೀನು ನಿಂತವರು
ಅಂಗಡಿ ತೆರೆದಿದೆಯೇ ಎಂದು ಇಣುಕುವ ಹಾಗೆ.
ಒಮ್ಮೆ ನಡುರಾತ್ರಿ ಮೋರಾಗ್ ಫೋನು ಮಾಡಿ
ಮಗುವಿನ ಬಾಯಿಗೆ ಹಿಡಿದಳು. ನಿದ್ದೆಯಲ್ಲೇ ಅಳು:
"ಬಾಗಲಾ ಹಾಕಬ್ಯಾಡ್ರಿ, ಬಾಗಲಾ ಹಾಕಬ್ಯಾಡ್ರಿ."
ಕೂಡಿಸಲಿಲ್ಲ, ಕಳೆಯಲಿಲ್ಲ.
ಮುಂದಿನ ಶನಿವಾರ ನೋಡುತ್ತೇನೆ,
ಮಲಗುವ ಕೋಣೆಗೆ ಬಾಗಿಲೇ ಇಲ್ಲ.
ತಿರುಪು ಬಿಚ್ಚಿ, ಕಳಚಿ,
ಶೆಡ್ಡಿನ ಗೋಡೆಗೆ ಒರಗಿಸಿದ್ದ ಡೆಸ್ಮಂಡ್.

ಅಕ್ಟೋಬರಿಗೆ ಅವಳು ನನಗೆ ಇಂಗ್ಲಿಷಿನಲ್ಲಿ ಉತ್ತರಿಸತೊಡಗಿದಳು.
"ನೀರು" ಅನ್ನಲು ತಡವರಿಸಿ, ನಲ್ಲಿ ತೋರಿಸಿದಳು.
ಬಾಗಿಲಲ್ಲಿ ಎದುರಾದದ್ದು ಮೋರಾಗ್:
"ಬರ್ರಿ. ಊಟಾ ಆತೇನ್ರಿ?"
ಅಪ್ಪಟ ಕೊಪ್ಪಳ, ಟ ಮಾತ್ರ ತುಸು ಮೆತ್ತಗೆ.
ಮಗು ಬಿಡುತ್ತಿದ್ದ ಒಂದೊಂದೇ ಮಾತನ್ನು
ಹಿಂದೆಯೇ ನಡೆದು ಹೆಕ್ಕಿಕೊಂಡಿದ್ದಾಳೆ,
ನೋಟ್‌ಪುಸ್ತಕವೊಂದು ತುಂಬಿದೆ.

ಚಹಾ ಬಗ್ಗಿಸುತ್ತ, ತಲೆಯೆತ್ತದೆ, ಅಂದಳು:
"ಚಳಿಗೆ ಅವಳ ಭಾಷೆಯಲ್ಲಿ ಥಂಡಿ.
ಅವತ್ತು ಮೇಜಿನ ಕೆಳಗೆ ಆ ಪದ ಬರಲಿಲ್ಲ."
ಕಪ್ಪು ಅರ್ಧಕ್ಕೆ ನಿಂತಿತು.
ಹೇಳಿದೆ. ಅವಳು ಕೇಳಿದ್ದನ್ನೆಲ್ಲ ಹೇಳಿದೆ.
ಒಲೆಯಲ್ಲಿ ಕೊರಡೊಂದು ಕುಸಿಯಿತು.

"ನೀವು ಏನಂದಿರಿ?"
"ಯಾವಾಗಲೂ."
ಪೆನ್ಸಿಲ್ ತಗೊಂಡಳು. ಯಾ. ವಾ.
ಗ ತಪ್ಪಿತು. ರಬ್ಬರಿನಿಂದ ಅಳಿಸಿ,
ಇನ್ನೊಮ್ಮೆ ಹೇಳಿ, ಅಂದಳು.